ಹೊಲಕ್ಕೆ ಬೇಕಾದ ಬಿಸಿಲು

ನಾನು ಟ್ರ್ಯಾಕ್ಟರ್ ಹೊಡೆಯುವವನು. ಊರು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲಿದೆ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಸೀಮೆ ಇದು. ಕಾಲುವೆ ಬಂದ ಕಡೆ ಭತ್ತ ಬೆಳೆಯುತ್ತಾರೆ. ನಮ್ಮ ಹೊಲಗಳಿಗೆ ಕಾಲುವೆ ನೀರಿಲ್ಲ. ಎರೆಭೂಮಿ. ಮಳೆ ನಂಬಿದ ಬೇಸಾಯ. ಮುಂಗಾರಿಗೆ ತೊಗರಿ, ಹತ್ತಿ, ಸಜ್ಜೆ. ಹಿಂಗಾರಿಗೆ ಬಿಳಿಜೋಳ, ಕಡಲೆ.

ನನಗೆ ಸ್ವಂತ ಹೊಲ ಕಡಿಮೆ. ಬ್ಯಾಂಕಿನ ಸಾಲದಲ್ಲಿ ಟ್ರ್ಯಾಕ್ಟರ್ ತೆಗೆದುಕೊಂಡೆ. ಆರು ತಿಂಗಳಿಗೊಮ್ಮೆ ಕಂತು ಕಟ್ಟಬೇಕು. ಬೇಸಿಗೆಯಲ್ಲಿ ಬಾಡಿಗೆಗೆ ಹೊಲ ಉಳುವುದು ನನ್ನ ಮುಖ್ಯ ದುಡಿಮೆ. ಮಾರ್ಚ್‌ನಿಂದ ಮುಂಗಾರು ಬೀಳುವವರೆಗೆ ನಡೆಯುವ ಈ ಕೆಲಸದ ಮೇಲೆ ನಮ್ಮ ಮನೆಯ ವರ್ಷ ನಿಂತಿದೆ.

2024ರ ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಮೇಲೆ ಕುಳಿತಿದ್ದಾಗಲೇ ನನಗೆ ಬಿಸಿಲು ಬಡಿಯಿತು. ಸಾವಿನ ಹತ್ತಿರ ಹೋಗಿ ಬಂದೆ. ಅದು ಹೇಗಾಯಿತು ಎಂದು ಬರೆಯುತ್ತಿದ್ದೇನೆ. ಯಾರನ್ನೂ ದೂರುವುದಕ್ಕಲ್ಲ. ನನ್ನಂತೆ ತೆರೆದ ಟ್ರ್ಯಾಕ್ಟರ್ ಮೇಲೆ ಕುಳಿತು ದುಡಿಯುವವರು ಊರೂರಲ್ಲಿ ಇದ್ದಾರೆ. ಅವರಿಗೆ ಇದು ಗೊತ್ತಿರಬೇಕು.

ಮೊದಲು ಕೆಲಸದ ಬಗ್ಗೆ ಹೇಳುತ್ತೇನೆ. ಬೇಸಿಗೆಯಲ್ಲಿ ನಾವು ಪಲ್ಟಿ ಹೊಡೆಯುತ್ತೇವೆ. ಪಲ್ಟಿ ನೇಗಿಲು ಮಣ್ಣನ್ನು ಆಳಕ್ಕೆ ಸೀಳಿ ಮಗುಚುತ್ತದೆ. ದೊಡ್ಡ ದೊಡ್ಡ ಹೆಂಟೆಗಳು ಏಳುತ್ತವೆ. ಅವು ಬಿಸಿಲಿಗೆ ಕಾಯಬೇಕು. ಕರಿಕೆಯ ಬೇರು, ಜೇಕಿನ ಗಡ್ಡೆ ಮೇಲೆ ಬಂದು ಒಣಗಬೇಕು. ಹತ್ತಿಗೆ, ತೊಗರಿಗೆ ಬೀಳುವ ಹುಳುಗಳ ಕೋಶ ಮಣ್ಣಿನಲ್ಲಿ ಅಡಗಿರುತ್ತದೆ. ಅದು ಹೊರಗೆ ಬಿದ್ದು ಬಿಸಿಲಿಗೆ ಸಾಯಬೇಕು, ಇಲ್ಲವೇ ಹಕ್ಕಿಗಳ ಹೊಟ್ಟೆ ಸೇರಬೇಕು. ಹೀಗೆ ಬಾಯಿ ಬಿಟ್ಟ ನೆಲ ಮೊದಲ ಮಳೆಯನ್ನು ಪೂರ್ತಿ ಕುಡಿಯುತ್ತದೆ. ಬಿಸಿಲು ಜೋರಿದ್ದಷ್ಟೂ ಹೊಲಕ್ಕೆ ಒಳ್ಳೆಯದು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಅದು ನಿಜ.

ಪಲ್ಟಿ ನಿಧಾನದ ಕೆಲಸ. ಒಣಗಿದ ಎರೆ ಕಲ್ಲಿನಂತಿರುತ್ತದೆ. ಎಂಜಿನ್ ಪೂರ್ತಿ ಜೋರು ಹಾಕಬೇಕು. ಗಾಡಿ ಮಾತ್ರ ಮನುಷ್ಯ ನಡೆಯುವಷ್ಟೇ ವೇಗದಲ್ಲಿ ಹೋಗುತ್ತದೆ. ಗಂಟೆಗೆ ಒಂದು ಎಕರೆಯೂ ಮುಗಿಯುವುದಿಲ್ಲ. ಆದ್ದರಿಂದ ಓಟದ ಗಾಳಿ ಮೈಗೆ ತಾಗುವುದಿಲ್ಲ.

ಬಿಸಿ ಮೇಲಿನಿಂದ ಮಾತ್ರ ಬರುವುದಿಲ್ಲ. ಎಂಜಿನ್ ನಮ್ಮ ಮುಂದೆಯೇ ಇರುತ್ತದೆ. ರೇಡಿಯೇಟರಿನ ಫ್ಯಾನು ಮುಂದಿನ ಗಾಳಿಯನ್ನು ಎಳೆದು ಎಂಜಿನ್ ಮೇಲೆ ಹಾಯಿಸಿ ಹಿಂದಕ್ಕೆ ತಳ್ಳುತ್ತದೆ. ಆ ಬಿಸಿಗಾಳಿ ಮೊಣಕಾಲಿಗೆ, ಹೊಟ್ಟೆಗೆ, ಮುಖಕ್ಕೆ ಬಡಿಯುತ್ತದೆ. ಕಾಲ ಕೆಳಗೆ ಗೇರ್ ಬಾಕ್ಸ್. ಸೀಟಿನ ಕೆಳಗೆ ಲಿಫ್ಟಿನ ಎಣ್ಣೆ. ಎರಡೂ ಕಾದಿರುತ್ತವೆ. ಮಧ್ಯಾಹ್ನ ಮಡ್‌ಗಾರ್ಡ್ ಮೇಲೆ ಕೈ ಇಡಲಾಗುವುದಿಲ್ಲ. ಉತ್ತ ಕರಿ ಮಣ್ಣಿನಿಂದಲೂ ಝಳ ಏಳುತ್ತದೆ. ಗಾಳಿ ಹಿಂದಿನಿಂದ ಬೀಸುವಾಗ ಇನ್ನೂ ಕಷ್ಟ. ಆಗ ಧೂಳು, ಹೊಗೆ, ಎಂಜಿನ್ ಬಿಸಿ ಎಲ್ಲವೂ ಗಾಡಿಯ ಜೊತೆಯಲ್ಲೇ ಸಾಗುತ್ತವೆ. ಆ ಸಾಲು ಮುಗಿದು ಗಾಡಿ ತಿರುಗುವವರೆಗೆ ಉಸಿರು ಕಟ್ಟಿದಂತಿರುತ್ತದೆ.

ಪತ್ರಿಕೆಯಲ್ಲಿ 42 ಡಿಗ್ರಿ ಎಂದು ಬರೆದಿದ್ದರೆ ಅದು ನೆರಳಿನ ಲೆಕ್ಕ. ಹವಾಮಾನ ಇಲಾಖೆಯವರು ಬಿಳಿ ಬಣ್ಣದ, ಗಾಳಿಯಾಡುವ ಕಟ್ಟಿಗೆಯ ಪೆಟ್ಟಿಗೆಯೊಳಗೆ ಥರ್ಮಾಮೀಟರ್ ಇಟ್ಟು ಅಳೆಯುತ್ತಾರೆ. ಅಳೆಯುವ ಕ್ರಮ ಅದೇ. ಟ್ರ್ಯಾಕ್ಟರ್ ಸೀಟಿನ ಮೇಲೆ ಎಷ್ಟಿರುತ್ತದೆ ಎಂದು ಯಾರೂ ಅಳೆಯುವುದಿಲ್ಲ.

ತಂಪು ಮಾಡಿಕೊಳ್ಳಲು ನಮಗೆ ಗೊತ್ತಿದ್ದದ್ದನ್ನು ನಾವು ಮಾಡುತ್ತಿದ್ದೆವು. ತಲೆಗೆ ವಲ್ಲಿ ಸುತ್ತುತ್ತಿದ್ದೆವು. ನೀರಿನ ಕ್ಯಾನಿಗೆ ಗೋಣಿಚೀಲ ಹೊಲಿದು ಅದನ್ನು ತೋಯಿಸಿ ಕಟ್ಟುತ್ತಿದ್ದೆವು. ಬುತ್ತಿಗೆ ಜೋಳದ ನುಚ್ಚು, ಮಜ್ಜಿಗೆ, ಉಳ್ಳಾಗಡ್ಡಿ ಒಯ್ಯುತ್ತಿದ್ದೆವು. ನನ್ನ ಟ್ರ್ಯಾಕ್ಟರಿಗೆ ಟಾಪ್ ಇರಲಿಲ್ಲ. ನಮ್ಮ ಕಡೆ ಬಹಳ ಗಾಡಿಗಳಿಗೆ ಇರುವುದಿಲ್ಲ. ಬಿಸಿಲಿನಲ್ಲಿ ಹುಟ್ಟಿದವರಿಗೆ ಬಿಸಿಲು ಏನು ಮಾಡೀತು ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೆ.

2023ರಲ್ಲಿ ಮಳೆ ಕೈಕೊಟ್ಟಿತ್ತು. ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತ್ತು. ತೊಗರಿ ಕಾಳು ಕಟ್ಟಲಿಲ್ಲ. ಜನರ ಕೈಯಲ್ಲಿ ದುಡ್ಡಿರಲಿಲ್ಲ. ಹಾಗಾಗಿ ಮುಂದಿನ ಬೇಸಿಗೆಯಲ್ಲಿ ಉಳುಮೆ ತಡವಾಗಿ ಶುರುವಾಯಿತು. ಏಪ್ರಿಲ್ ಕೊನೆಗೆ ಭರಣಿ ಮಳೆ ಕೂಡುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಕರೆಯತೊಡಗಿದರು. ಒಂದು ಹೊಲದಲ್ಲಿ ಉಳುತ್ತಿದ್ದಾಗಲೇ ಇನ್ನೊಂದು ಹೊಲದವರು ಬದುವಿನಲ್ಲಿ ಬಂದು ನಿಲ್ಲುತ್ತಿದ್ದರು. ಮಳೆ ಬಿದ್ದು ನೆಲ ಹಸಿಯಾದರೆ ಪಲ್ಟಿ ಹೊಡೆಯಲು ಆಗುವುದಿಲ್ಲ. ಅವರ ಅವಸರ ಸುಳ್ಳಲ್ಲ. ನನ್ನ ಕಂತಿನ ತಾರೀಕೂ ಹತ್ತಿರವಿತ್ತು.

ಲೋಕಸಭಾ ಚುನಾವಣೆಗೆ ನಮ್ಮ ಕಡೆ ಮೇ 7ರಂದು ಮತದಾನವಿತ್ತು. ಅದಕ್ಕೂ ಮುಂಚಿನ ವಾರದ ಮಾತು ಇದು. ರಾತ್ರಿಯೂ ನೆಲ ಆರುತ್ತಿರಲಿಲ್ಲ. ನಮ್ಮದು ಸಿಮೆಂಟಿನ ಮನೆ. ಹಗಲು ಕಾದ ಗೋಡೆಗಳು ನಡುರಾತ್ರಿಯವರೆಗೂ ಬಿಸಿ ಬಿಡುತ್ತಿದ್ದವು. ಮಾಳಿಗೆಯ ಮೇಲೆ ಚಾಪೆ ಹಾಸಿದೆವು. ಅಲ್ಲೂ ಗಾಳಿ ಇರಲಿಲ್ಲ. ಬಿಸಿಲು ಬಡಿದ ದಿನದ ಹಿಂದಿನ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ರಾತ್ರಿ ಮೈ ಆರದಿದ್ದರೆ ಮರುದಿನದ ಬಿಸಿಲು ಹೆಚ್ಚು ಕೆಡುಕು ಮಾಡುತ್ತದೆ ಎಂದು ಆಮೇಲೆ ವೈದ್ಯರು ಹೇಳಿದರು.

ಬೆಳಿಗ್ಗೆ ಬೇಗ ಹೊಲಕ್ಕೆ ಹೋದೆ. ರೇಡಿಯೇಟರಿನ ಜಾಳಿಗೆಯಲ್ಲಿ ಕೂತ ಹೊಟ್ಟು, ಧೂಳು ಕೊಡವಿದೆ. ನೀರು ನೋಡಿದೆ. ಇದು ದಿನದ ಕೆಲಸ. ಜಾಳಿಗೆ ಕಟ್ಟಿದರೆ ಎಂಜಿನ್ ಕಾಯುತ್ತದೆ. ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯ ಹತ್ತಿರ ಬಂದರೆ ಯಾವ ಡ್ರೈವರೂ ಮುಂದೆ ಹೊಡೆಯುವುದಿಲ್ಲ. ಗಾಡಿ ನಿಲ್ಲಿಸುತ್ತಾನೆ, ಆರಲು ಬಿಡುತ್ತಾನೆ. ಯಾವ ಹೊಲದವರೂ ಅದಕ್ಕೆ ಬೇಡ ಅನ್ನುವುದಿಲ್ಲ.

ಹತ್ತು ಗಂಟೆಯವರೆಗೆ ಚೆನ್ನಾಗಿ ನಡೆಯಿತು. ಆ ಹೊಲದಲ್ಲಿ ಒಂದೂ ಗಿಡವಿರಲಿಲ್ಲ. ಬದುವಿನ ಮೇಲೆ ನಾಲ್ಕಾರು ಬಳ್ಳಾರಿ ಜಾಲಿ ಇದ್ದವು. ಅವುಗಳ ನೆರಳು ಜರಡಿಯಿಂದ ಸುರಿದಂತೆ ತೆಳ್ಳಗೆ ಬಿದ್ದಿತ್ತು. ಎರಡು ಹೊಲ ಆಚೆ ಒಂದು ಬೇವಿನ ಮರವಿತ್ತು. ಅದರ ಕೆಳಗೆ ಕುರಿ ಹಿಂಡು ಬಂದು ನಿಂತಿತು. ಗೊಬ್ಬರಕ್ಕೆಂದು ಆ ಹೊಲದವರು ಕುರಿ ತರುಬಿಸಿದ್ದರು. ಕುರಿಗಾರರು ಬಿಸಿಲೇರುವ ಮುಂಚೆ ಕುರಿಗಳನ್ನು ನೆರಳಿಗೆ ತರುತ್ತಾರೆ. ಹೊತ್ತು ಇಳಿದ ಮೇಲೆಯೇ ಮತ್ತೆ ಮೇಯಲು ಬಿಡುತ್ತಾರೆ.

ಹನ್ನೊಂದರ ಹೊತ್ತಿಗೆ ತಲೆನೋವು ಶುರುವಾಯಿತು. ಹಣೆಯ ಎರಡೂ ಬದಿ ಸಿಡಿಯುತ್ತಿತ್ತು. ನೀರು ಕುಡಿದೆ. ಕ್ಯಾನಿನ ನೀರು ಬೆಚ್ಚಗಾಗಿತ್ತು. ಅಂಗಿ ಪೂರ್ತಿ ತೊಯ್ದಿತ್ತು. ಮತ್ತೆ ಹೊಡೆದೆ. ಸ್ವಲ್ಪ ಹೊತ್ತಿಗೆ ಕ್ಲಚ್ ತುಳಿಯುವ ಎಡಗಾಲಿನ ಮೀನಖಂಡ ಹಿಡಿಯಿತು. ಗಾಡಿ ನಿಲ್ಲಿಸಿ ಇಳಿದು ಕಾಲು ನೀವಿಕೊಂಡೆ. ಜಾಲಿಯ ಕೆಳಗೆ ಕುಳಿತು ನುಚ್ಚು ಮಜ್ಜಿಗೆ ಉಣ್ಣಲು ನೋಡಿದೆ. ಹೊಟ್ಟೆ ತೊಳೆಸಿತು. ಎರಡು ತುತ್ತು ಉಂಡು ಬಿಟ್ಟೆ. ಇವೆಲ್ಲ ಬೇಸಿಗೆಯಲ್ಲಿ ಎಲ್ಲ ಡ್ರೈವರುಗಳಿಗೂ ಆಗುತ್ತಿದ್ದವೇ. ಇದು ದಣಿವು, ಇದು ಅಪಾಯ ಎಂದು ಬೇರೆ ಮಾಡಿ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಪಡುವಣದಲ್ಲಿ ಮೋಡ ಕಂಡಿತು. ಹೊಲದ ಯಜಮಾನ, ನಾನು ಮಾವ ಎನ್ನುವವನು, ಅದನ್ನು ನೋಡಿ, ‘ಇದೊಂದು ತುಂಡು ಮುಗಿಸಿಬಿಡಪ, ಸಂಜಿಗಿ ಮಳಿ ಆದ್ರ ಕೆಲಸ ನಿಲ್ತೈತಿ’ ಎಂದ. ನಾನು ಮತ್ತೆ ಹತ್ತಿದೆ. ಅವನು ಬೀಜದ ಕೆಲಸಕ್ಕೆಂದು ಊರ ಕಡೆ ಹೋದ.

ಆಮೇಲಿನ ಹೊತ್ತು ನನಗೆ ಸರಿಯಾಗಿ ನೆನಪಿಲ್ಲ. ಸಾಲು ಸೊಟ್ಟಗೆ ಹೋಗುತ್ತಿರುವುದು ಕಂಡಿತು. ಸ್ಟೇರಿಂಗ್ ತಿರುಗಿಸಿದರೂ ನೆಟ್ಟಗಾಗಲಿಲ್ಲ. ಮೂಲೆಯಲ್ಲಿ ನೇಗಿಲು ಎತ್ತಬೇಕಿತ್ತು. ಲಿಫ್ಟಿನ ಹಿಡಿಕೆ ಯಾವುದು ಎಂದು ಹೊಳೆಯಲಿಲ್ಲ. ಕಣ್ಣ ಮುಂದಿದ್ದರೂ ಕೈ ಅದರ ಕಡೆ ಹೋಗಲಿಲ್ಲ. ಇಷ್ಟು ವರ್ಷ ನೋಡದೆಯೇ ಹಿಡಿದಿದ್ದ ಹಿಡಿಕೆ ಅದು. ಆಗ ನನಗೆ ಹೆದರಿಕೆಯಾಯಿತು. ಇಲ್ಲೇ ಕಣ್ಣು ಮುಚ್ಚಿದರೆ ಗಾಡಿಯಿಂದ ಬೀಳುತ್ತೇನೆ, ಹಿಂದಿನ ಗಾಲಿಯೋ ನೇಗಿಲೋ ಮೈಮೇಲೆ ಹಾಯುತ್ತದೆ ಎಂದು ಗೊತ್ತಾಯಿತು. ನಮ್ಮ ಕೆಲಸದಲ್ಲಿ ಹಾಗೆ ಸತ್ತವರಿದ್ದಾರೆ.

ಎಂಜಿನ್ ನಿಲ್ಲಿಸುವ ಗುಂಡಿ ಎಳೆದೆ. ಅದು ಹೇಗೆ ಸಿಕ್ಕಿತೋ ಹೇಳಲಾರೆ. ಸದ್ದು ನಿಂತಿತು. ಕೆಳಗೆ ಇಳಿಯಲು ಕಾಲಿಟ್ಟೆ. ಕಾಲು ನೆಲಕ್ಕೆ ತಾಗಿದ್ದು ತಿಳಿಯಲಿಲ್ಲ. ಹೆಂಟೆಗಳ ಮೇಲೆ ಬಿದ್ದೆ. ಮಣ್ಣು ಸುಡುತ್ತಿತ್ತು. ಏಳಲು ಆಗಲಿಲ್ಲ. ಬೆವರು ನಿಂತಿತ್ತು. ಮೈ ಒಣಗಿ ಕಾದಿತ್ತು. ನಾಲಿಗೆ ಅಂಟಿಕೊಂಡಿತ್ತು. ಅಲ್ಲಿಗೆ ನನ್ನ ನೆನಪು ನಿಂತಿತು.

ಮುಂದಿನದನ್ನು ನೋಡಿದವರು ಹೇಳಿದಂತೆ ಬರೆಯುತ್ತೇನೆ.

ಬೇವಿನ ಕೆಳಗಿದ್ದ ಕುರಿಗಾರ ಹಿರಿಯ ಮನುಷ್ಯ. ಟ್ರ್ಯಾಕ್ಟರ್ ಸದ್ದು ನಡುಹೊಲದಲ್ಲಿ ನಿಂತದ್ದನ್ನು ಅವನು ಗಮನಿಸಿದ. ನೇಗಿಲು ಮಣ್ಣಿನಲ್ಲೇ ಇದ್ದದ್ದನ್ನೂ ನೋಡಿದ. ಗಾಡಿ ಹಾಗೆ ನಿಲ್ಲಿಸುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಕುರಿಗಳನ್ನು ಹುಡುಗನಿಗೆ ಒಪ್ಪಿಸಿ ಓಡಿ ಬಂದ. ನಾನು ಬಡಬಡಿಸುತ್ತಿದ್ದೆನಂತೆ. ಹೆಸರು ಕೇಳಿದರೆ ಏನೋ ಹೇಳಿದೆನಂತೆ. ಅವನು ಹುಡುಗನನ್ನು ಕೂಗಿ ಕರೆದ. ಇಬ್ಬರೂ ಸೇರಿ ಕಂಬಳಿಯ ಮೇಲೆ ನನ್ನನ್ನು ಮಲಗಿಸಿ ಬೇವಿನ ಬುಡಕ್ಕೆ ಎಳೆದುಕೊಂಡು ಹೋದರು.

ಕುರಿಗಳಿಗೆಂದು ಟ್ಯಾಂಕರಿನಿಂದ ಡ್ರಮ್ಮಿಗೆ ನೀರು ತುಂಬಿಸಿಟ್ಟಿದ್ದರು. ಬರಗಾಲದಲ್ಲಿ ಆ ನೀರಿಗೆ ಬೆಲೆ ಇತ್ತು. ಆ ಹಿರಿಯ ನನ್ನ ಅಂಗಿ ಬಿಚ್ಚಿ ಆ ನೀರನ್ನು ಕೊಡದಿಂದ ಮೈಮೇಲೆ ಸುರಿಯತೊಡಗಿದ. ತಲೆ, ಕುತ್ತಿಗೆ, ಎದೆ, ಕಂಕುಳು, ತೊಡೆ. ಸುರಿಯುತ್ತಲೇ ಇದ್ದ. ಹುಡುಗ ವಲ್ಲಿಯಿಂದ ಗಾಳಿ ಬೀಸಿದ. ಅಷ್ಟರಲ್ಲಿ ಪಕ್ಕದ ಹೊಲದವರು ಬಂದರು. ಒಬ್ಬರು ಬಾಯಿಗೆ ನೀರು ಹಾಕಲು ಬಂದರು. ಹಿರಿಯ ತಡೆದ. ‘ಬ್ಯಾಡ್ರಿ, ಎಚ್ಚರ ಇಲ್ಲದವಗ ನೀರು ಹಾಕಿದ್ರ ಉಸುರಿಗಿ ಹೋಗ್ತೈತಿ. ಮೈಮ್ಯಾಲ ಹಾಕ್ರಿ’ ಎಂದ. ಕುರಿಗೆ ಔಷಧ ಕುಡಿಸುವಾಗ ಕಲಿತದ್ದು ಅದು ಎಂದು ಆಮೇಲೆ ನನಗೆ ಹೇಳಿದ. ವೈದ್ಯರು ಹೇಳಿದ್ದೂ ಅದೇ ಮಾತು.

ಯಾರೋ ಟಂಟಂ ತಂದರು. ಹಸಿ ಮಾಡಿದ ಧೋತರವನ್ನು ನನ್ನ ಮೇಲೆ ಹೊದಿಸಿದರು. ಎರಡು ಕೊಡ ನೀರು ಜೊತೆಗೆ ಇಟ್ಟುಕೊಂಡು ದಾರಿಯುದ್ದಕ್ಕೂ ತೋಯಿಸುತ್ತ ಆಸ್ಪತ್ರೆಗೆ ಒಯ್ದರು. ಗಾಡಿಯ ಗಾಳಿ ಹಸಿ ಮೈಗೆ ಬಡಿಯುತ್ತಿತ್ತು. ನನ್ನನ್ನು ಉಳಿಸಿದ್ದು ಅದು. ಮೈ ಒಣಗಿದ್ದರೆ ಆ ಹೊತ್ತಿನ ಗಾಳಿ ಮತ್ತಷ್ಟು ಕಾಯಿಸುತ್ತಿತ್ತು. ಗಾಳಿ ಮೈಗಿಂತ ಬಿಸಿ ಇರುವಾಗ ನೀರು ಆರಿದರೆ ಮಾತ್ರ ಮೈ ತಣಿಯುತ್ತದೆ. ಬೆವರಿನ ಕೆಲಸವೂ ಅದೇ. ನನ್ನ ಮೈಯಲ್ಲಿ ಬೆವರು ನಿಂತುಹೋಗಿತ್ತು. ಕುರಿಗಳ ನೀರು ಬೆವರಿನ ಕೆಲಸ ಮಾಡಿತು.

ಆರೋಗ್ಯ ಕೇಂದ್ರದಲ್ಲಿ ಅಳೆದಾಗ ನನ್ನ ಮೈಬಿಸಿ 105 ಡಿಗ್ರಿ ಫ್ಯಾರನ್‌ಹೀಟ್ ಇತ್ತು. ಅಷ್ಟು ದೂರ ತೋಯಿಸಿಕೊಂಡು ತಂದ ಮೇಲೂ ಅಷ್ಟಿತ್ತು. ಅಲ್ಲಿನ ಸಿಸ್ಟರ್ ಕಂಕುಳು, ಕುತ್ತಿಗೆ, ತೊಡೆಸಂದಿಗೆ ಐಸ್ ಇಟ್ಟರು. ಫ್ಯಾನಿನ ಕೆಳಗೆ ಹಸಿ ಬಟ್ಟೆ ಹೊದಿಸಿದರು. ಸಲೈನ್ ಹಚ್ಚಿದರು. ಜೊತೆಗೆ ಬಂದವರು ಜ್ವರದ ಗುಳಿಗೆ ಕೊಡಿ ಎಂದರಂತೆ. ಇದು ಜ್ವರವಲ್ಲ, ಗುಳಿಗೆಯಿಂದ ಇಳಿಯುವುದಿಲ್ಲ, ತಣ್ಣಗೆ ಮಾಡುವುದೊಂದೇ ದಾರಿ ಎಂದು ಅವರು ತಿಳಿಸಿ ಹೇಳಿದರು.

ಸಂಜೆಗೆ ಎಚ್ಚರವಾಯಿತು. ಹೆಂಡತಿ ಪಕ್ಕದಲ್ಲಿ ನಿಂತಿದ್ದಳು. ಅವಳು ಯಾರೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಅದನ್ನು ಅವಳು ನೋಡಿದಳು. ಏನೂ ಕೇಳಲಿಲ್ಲ. ನನ್ನ ಪಾದ ಹಿಡಿದುಕೊಂಡು ನಿಂತಳು. ನಾನು ಮೊದಲು ಕೇಳಿದ್ದು ಗಾಡಿ ಎಲ್ಲಿದೆ ಎಂದು. ಅಣ್ಣನ ಮಗ ಮನೆಗೆ ತಂದು ನಿಲ್ಲಿಸಿದ್ದಾನೆ ಎಂದಳು.

ಮೂತ್ರ ಚಹಾದ ಡಿಕಾಕ್ಷನ್ ಬಣ್ಣದಲ್ಲಿ ಬಂತು. ವೈದ್ಯರು ಅದನ್ನು ನೋಡಿ ರಕ್ತ ಪರೀಕ್ಷೆ ಮಾಡಿಸಿದರು. ಬಿಸಿ ಹೆಚ್ಚಾಗಿ ಮಾಂಸಖಂಡಗಳು ನೊಂದರೆ ಅವುಗಳ ಕಸ ಮೂತ್ರಪಿಂಡಕ್ಕೆ ಹೋಗಿ ಕಟ್ಟುತ್ತದೆ ಎಂದು ಹೇಳಿದರು. ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಕೆಲವು ದಿನ ಇಟ್ಟುಕೊಂಡರು. ಮೂತ್ರಪಿಂಡ ಕೈಕೊಟ್ಟರೆ ಮನೆ ಏನಾಗುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ನೋವಿಗಿಂತ ಆ ಯೋಚನೆ ದೊಡ್ಡದಾಗಿತ್ತು. ಮೂತ್ರದ ಬಣ್ಣ ತಿಳಿಯಾಗುತ್ತ ಬಂತು. ರಕ್ತದ ಲೆಕ್ಕವೂ ಸರಿಹೋಯಿತು. ಅಪಾಯವಿಲ್ಲ ಎಂದು ವೈದ್ಯರು ಹೇಳಿದ ದಿನ ನಾನು ಅತ್ತೆ.

ಆ ವೈದ್ಯರಿಗೆ ವಯಸ್ಸು ಚಿಕ್ಕದು. ಬಿಡುವು ಮಾಡಿಕೊಂಡು ನನಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಮೊದಲು ಮಾಂಸಖಂಡ ಹಿಡಿಯುತ್ತದೆ. ತಲೆನೋವು, ಹೊಟ್ಟೆ ತೊಳೆಸುವುದು, ಚಕ್ಕರ್, ಸುಸ್ತು ಬರುತ್ತವೆ. ಆಗ ಕೆಲಸ ಬಿಟ್ಟು ನೆರಳಿಗೆ ಬಂದು ಮೈ ತಣಿಸಿಕೊಂಡು ನೀರು, ಉಪ್ಪು ಕುಡಿದರೆ ದೇಹ ಸುಧಾರಿಸಿಕೊಳ್ಳುತ್ತದೆ. ಅಲ್ಲಿ ನಿಲ್ಲದಿದ್ದರೆ ಮುಂದೆ ಬುದ್ಧಿ ಮಂಕಾಗುತ್ತದೆ. ಮಾತು ತಪ್ಪುತ್ತದೆ. ಆ ಹಂತಕ್ಕೆ ಹೋದವನಿಗೆ ತಾನು ಯಾವ ಸ್ಥಿತಿಯಲ್ಲಿದ್ದೇನೆ ಎಂದು ತಿಳಿಯುವುದಿಲ್ಲ. ಹತ್ತಿರ ಇನ್ನೊಬ್ಬರು ಇರಲೇಬೇಕು. ಕೆಲವರಿಗೆ ಬೆವರು ನಿಲ್ಲುತ್ತದೆ, ಕೆಲವರಿಗೆ ನಿಲ್ಲುವುದಿಲ್ಲ. ಬೆವರುತ್ತಿದ್ದಾನೆ, ಏನೂ ಆಗಿಲ್ಲ ಎಂದು ಬಿಡಬಾರದು. ಮಾತು ತಪ್ಪಿದರೆ ಮೊದಲು ನೀರು ಸುರಿಯಬೇಕು, ಆಮೇಲೆ ಆಸ್ಪತ್ರೆ. ಕಾಯುತ್ತ ಕೂತ ಒಂದೊಂದು ನಿಮಿಷಕ್ಕೂ ಒಳಗಿನ ಅಂಗಗಳು ಸುಡುತ್ತವೆ. ‘ನಿಮ್ಮ ಜೀವ ಇಲ್ಲಿ ಉಳಿದದ್ದಲ್ಲ, ಆ ಹೊಲದಲ್ಲಿ ಉಳಿದದ್ದು’ ಎಂದರು.

ಮನೆಗೆ ಬಂದ ಮೇಲೆ ಬಹಳ ದಿನ ಬಿಸಿಲಿಗೆ ಹೋಗಲಾಗಲಿಲ್ಲ. ಅಂಗಳಕ್ಕೆ ಹೋದರೂ ಎದೆ ಬಡಿದುಕೊಳ್ಳುತ್ತಿತ್ತು. ಕೈ ನಡುಗುತ್ತಿತ್ತು. ಹೆಸರುಗಳು ಮರೆಯುತ್ತಿದ್ದವು. ಒಮ್ಮೆ ಹೀಗಾದವರಿಗೆ ಕೆಲವು ತಿಂಗಳು ಬಿಸಿ ತಡೆಯುವ ಶಕ್ತಿ ಕಡಿಮೆ ಇರುತ್ತದೆ ಎಂದು ಹೇಳಿದ್ದರು. ಅಣ್ಣನ ಮಗ ಗಾಡಿ ಹೊಡೆದ. ಉಳಿದ ಹೊಲಗಳಲ್ಲಿ ಕೆಲವು ಬೇರೆಯವರ ಪಾಲಾದವು. ಕಂತು ಆ ಸಲ ತಡವಾಯಿತು. ಅರ್ಧ ಉತ್ತ ಹೊಲದ ಮಾವ ಮನೆಗೆ ಬಂದು ಪೂರ್ತಿ ಹೊಲದ ದುಡ್ಡು ಕೊಟ್ಟ. ಬೇಡ ಎಂದೆ. ಅವನು ಚಾಪೆಯ ಮೇಲೆ ಇಟ್ಟು ಎದ್ದು ಹೋದ. ಆ ವರ್ಷ ಮುಂಗಾರು ಚೆನ್ನಾಗಿ ಆಯಿತು.

ಕುರಿಗಾರರು ಅಷ್ಟರಲ್ಲಿ ಹಿಂಡು ಹೊಡೆದುಕೊಂಡು ಬೇರೆ ಸೀಮೆಗೆ ಹೋಗಿದ್ದರು. ಮತ್ತೆ ನಮ್ಮ ಕಡೆ ಬಂದಾಗ ಆ ಹಿರಿಯನನ್ನು ಹುಡುಕಿಕೊಂಡು ಹೋದೆ. ಕಾಲಿಗೆ ಬಿದ್ದೆ. ‘ಏಳು ತಮ್ಮ. ಕುರಿ ಬಿದ್ರೂ ಹಂಗ ಮಾಡ್ತೀವಿ, ನೀನು ಮನಶ್ಯಾ’ ಎಂದ. ಅವನ ಡ್ರಮ್ಮಿನ ನೀರು ಖಾಲಿಯಾದ ಮೇಲೆ ಆ ದಿನ ಕುರಿಗಳಿಗೆ ಏನು ಮಾಡಿದಿ ಎಂದು ಕೇಳಿದೆ. ಇನ್ನೊಂದು ಟ್ಯಾಂಕರಿಗೆ ದುಡ್ಡು ಕೊಟ್ಟು ತರಿಸಿದ್ದನಂತೆ. ಆ ದುಡ್ಡನ್ನು ಅವನು ನನ್ನಿಂದ ತೆಗೆದುಕೊಳ್ಳಲಿಲ್ಲ.

ಮರುವರ್ಷ ಮತ್ತೆ ಗಾಡಿ ಹತ್ತಿದೆ. ಬೇರೆ ದುಡಿಮೆ ನನಗೆ ಗೊತ್ತಿಲ್ಲ. ಮೊದಲ ದಿನ ಸೀಟಿನ ಮೇಲೆ ಕುಳಿತಾಗ ಹೆದರಿಕೆ ಇತ್ತು. ಈಗಲೂ ಇದೆ. ಅದು ಇರಲಿ ಎಂದು ಬಿಟ್ಟಿದ್ದೇನೆ.

ಈಗ ಮಾಡುವುದನ್ನು ಹೇಳುತ್ತೇನೆ. ಗಾಡಿಗೆ ಟಾಪ್ ಹಾಕಿಸಿದ್ದೇನೆ. ಬರೀ ತಗಡು ಹಾಕಿದರೆ ಅದೇ ಕಾದು ತಲೆಗೆ ಬಿಸಿ ಬಿಡುತ್ತದೆ. ಅದಕ್ಕೆ ತಗಡಿನ ಕೆಳಗೆ ನಾಲ್ಕು ಬೆರಳು ಜಾಗ ಬಿಟ್ಟು ಚಾಪೆ ಕಟ್ಟಿದ್ದೇನೆ. ಸೀಟಿನ ರೆಕ್ಸಿನ್ ಮೇಲೆ ದಪ್ಪ ಅರಿವೆ ಹಾಸಿದ್ದೇನೆ. ಕಾಲಿಡುವ ತಗಡಿಗೆ ರಬ್ಬರ್ ಮ್ಯಾಟ್ ಬಿಗಿದಿದ್ದೇನೆ. ಸಡಿಲ ಗೋಣಿ ಹಾಸಬಾರದು. ಅದು ಕ್ಲಚ್ಚಿಗೆ, ಬ್ರೇಕಿಗೆ ಸಿಕ್ಕಿಕೊಳ್ಳುತ್ತದೆ.

ಬರೀ ಬನಿಯನ್‌ನಲ್ಲಿ ಕೂರುವುದಿಲ್ಲ. ತುಂಬು ತೋಳಿನ, ಸಡಿಲವಾದ ಹತ್ತಿ ಅಂಗಿ ಹಾಕುತ್ತೇನೆ. ವಲ್ಲಿಯನ್ನು ತೋಯಿಸಿ ಕುತ್ತಿಗೆಯ ಸುತ್ತ ಹಾಕುತ್ತೇನೆ. ನೇಗಿಲು ನೋಡಲು ಪದೇ ಪದೇ ಹಿಂದೆ ತಿರುಗುವ ನಮಗೆ ಕುತ್ತಿಗೆಗೆ ಬಿಸಿಲು ಹೆಚ್ಚು ಬೀಳುತ್ತದೆ. ನಮ್ಮದು ಒಣ ಬಿಸಿಲು. ಒದ್ದೆ ಅರಿವೆ ಬೇಗ ಆರುತ್ತದೆ, ಆರುತ್ತ ಮೈ ತಣಿಸುತ್ತದೆ. ಆದ್ದರಿಂದ ಮೂಲೆ ತಿರುಗಿದಾಗಲೆಲ್ಲ ಮತ್ತೆ ತೋಯಿಸಬೇಕು. ಅದಕ್ಕೆಂದು ಬೇರೆ ಕ್ಯಾನಿನಲ್ಲಿ ನೀರು ಇಟ್ಟಿದ್ದೇನೆ. ಮುಖಕ್ಕೆ ನೀರು ಸಿಂಪಡಿಸಲು ಹೊಸ ಬಾಟಲಿ ತಂದಿದ್ದೇನೆ. ಬೆಳೆಗೆ ಔಷಧ ಹೊಡೆದ ಪಂಪನ್ನು ಎಷ್ಟು ತೊಳೆದರೂ ಇದಕ್ಕೆ ಮುಟ್ಟಬಾರದು.

ಬಾಯಾರುವವರೆಗೆ ಕಾಯುವುದಿಲ್ಲ. ಬಾಯಾರಿಕೆ ತಡವಾಗಿ ಬರುತ್ತದೆ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು. ನಡುವೆ ಉಪ್ಪು ಹಾಕಿದ ಮಜ್ಜಿಗೆ, ಇಲ್ಲವೇ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮೂತ್ರದ ಬಣ್ಣ ನೋಡುತ್ತೇನೆ. ಕಡು ಹಳದಿಯಾದರೆ ನೀರು ಸಾಲದು. ಬೇಸಿಗೆಯ ಮೊದಲ ಒಂದೆರಡು ವಾರ ಕಡಿಮೆ ಹೊತ್ತು ಹೊಡೆದು ಮೈಯನ್ನು ಬಿಸಿಗೆ ಒಗ್ಗಿಸುತ್ತೇನೆ. ಹೊಲದಲ್ಲಿ ಒಬ್ಬನೇ ಇರುವುದಿಲ್ಲ. ಹೊಲದವರಲ್ಲಿ ಒಬ್ಬರು ಬದುವಿನಲ್ಲಿ ಇರಬೇಕು ಎಂದು ಮೊದಲೇ ಹೇಳುತ್ತೇನೆ.

ಇದೆಲ್ಲಕ್ಕಿಂತ ದೊಡ್ಡ ಬದಲಾವಣೆ ಹೊತ್ತಿನದು. ನಸುಕಿನ ನಾಲ್ಕಕ್ಕೆ ಗಾಡಿ ಹಚ್ಚುತ್ತೇನೆ. ಹತ್ತು, ಹತ್ತೂವರೆಗೆ ನಿಲ್ಲಿಸುತ್ತೇನೆ. ಸಂಜೆ ಐದಕ್ಕೆ ಮತ್ತೆ ಶುರು ಮಾಡಿ ರಾತ್ರಿ ಲೈಟು ಹಾಕಿ ಹೊಡೆಯುತ್ತೇನೆ. ಕತ್ತಲಿಗೆ ಬೇರೆ ಅಪಾಯಗಳಿವೆ. ಗೋಡೆ ಇಲ್ಲದ ಬಾವಿ, ಗುಂಡುಕಲ್ಲು, ಹಾವು. ಆದ್ದರಿಂದ ಹಗಲಲ್ಲೇ ಹೊಲ ಸುತ್ತಿ ನೋಡಿ, ಬಾವಿ ಮತ್ತು ಬದುವಿನ ಬಳಿ ಬಿಳಿ ಚೀಲ ಕಟ್ಟಿದ ಕೋಲು ನೆಡುತ್ತೇನೆ. ಲೈಟು ಬಿದ್ದಾಗ ಅವು ಕಾಣುತ್ತವೆ.

ಮೊದಮೊದಲು ಹೊಲದವರು ಒಪ್ಪಲಿಲ್ಲ. ಬೇಸಿಗೆ ಉಳುಮೆಗೆ ಬಿಸಿಲು ಬೇಕಲ್ಲ ಎಂದರು. ಬಿಸಿಲು ಬೇಕಾದದ್ದು ನೆಲಕ್ಕೆ. ನಸುಕಿನಲ್ಲಿ ಮಗುಚಿದ ಹೆಂಟೆಯ ಮೇಲೂ ಹಗಲೆಲ್ಲ ಅದೇ ಬಿಸಿಲು ಬೀಳುತ್ತದೆ. ಕರಿಕೆ ಒಣಗುತ್ತದೆ, ಹುಳು ಸಾಯುತ್ತದೆ. ನಡುಮಧ್ಯಾಹ್ನ ಉತ್ತರೆ ಹೊಲಕ್ಕೆ ಹೆಚ್ಚಿನ ಲಾಭ ಏನೂ ಇಲ್ಲ. ಇದನ್ನು ಹೇಳಿದಾಗ ಹೆಚ್ಚಿನವರು ಒಪ್ಪಿದರು. 2025ರಲ್ಲಿ ಮೇ ತಿಂಗಳಲ್ಲೇ ಮಳೆ ಹಿಡಿಯಿತು. ಉಳುಮೆಗೆ ಸಿಕ್ಕ ದಿನ ಕಡಿಮೆ. ಆದರೂ ಒಪ್ಪಿಕೊಂಡ ಹೊಲಗಳನ್ನು ಬಿಸಿಲಿನ ಹೊತ್ತು ಬಿಟ್ಟೇ ಮುಗಿಸಿದೆವು.

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಉದ್ಯೋಗ ಖಾತ್ರಿಯಲ್ಲಿ ಬೇಸಿಗೆಗೆ ಕೆಲಸದ ಅಳತೆ ಇಳಿಸುತ್ತ ಬಂದಿದ್ದಾರೆ. ಅದು ಸರಿಯಾದ ಕ್ರಮ. ಫ್ಯಾನಿನ ಕೆಳಗೆ ಕೂರುವವರಿಗೂ ಈ ಬಿಸಿಲು ಕಷ್ಟ ಎಂದು ಸರ್ಕಾರ ಒಪ್ಪಿದೆ. ಬಾಡಿಗೆ ಟ್ರ್ಯಾಕ್ಟರ್ ಹೊಡೆಯುವವನಿಗೆ ಆದೇಶ ಹೊರಡಿಸುವವರು ಯಾರೂ ಇಲ್ಲ. ಗಾಡಿಯ ಮಾಲೀಕ, ಹೊಲದವರು, ಡ್ರೈವರ್ ಈ ಮೂವರೇ ಕೂತು ಮಾತಾಡಿ ಹೊತ್ತು ಗೊತ್ತುಮಾಡಬೇಕು. ಸಂಬಳಕ್ಕೆ ದುಡಿಯುವ ಡ್ರೈವರ್ ತಾನಾಗಿ ಈ ಮಾತು ಎತ್ತಲಾರ. ಎತ್ತಿದರೆ ಮೈಗಳ್ಳ ಅನ್ನಿಸಿಕೊಳ್ಳುತ್ತಾನೆ. ಗಾಡಿಯ ಮಾಲೀಕರು, ಹೊಲದವರು ಅವನಿಗಿಂತ ಮೊದಲು ಎತ್ತಬೇಕು.

ಈಗ ನಾನು ಹೊಲ ಒಪ್ಪಿಕೊಳ್ಳುವಾಗ ಎಕರೆಯ ದರ ಹೇಳುವುದಕ್ಕೂ ಮುಂಚೆ ಹೊತ್ತು ಹೇಳುತ್ತೇನೆ. ಹತ್ತೂವರೆಯಿಂದ ಐದರವರೆಗೆ ಗಾಡಿ ನಿಲ್ಲುತ್ತದೆ. ಅಣ್ಣನ ಮಗ ಹೊಡೆದರೂ ಅಷ್ಟೇ, ನಾನು ಹೊಡೆದರೂ ಅಷ್ಟೇ. ಇದಕ್ಕೆ ಒಪ್ಪದೆ ಬೇರೆ ಗಾಡಿ ಕರೆದುಕೊಂಡವರಿದ್ದಾರೆ. ಆ ಬಾಡಿಗೆ ಹೋದದ್ದಕ್ಕೆ ನನಗೆ ಬೇಸರವಿಲ್ಲ. ಆ ಗಾಡಿಯ ಮೇಲೆ ಕೂರುವ ಹುಡುಗನಿಗೆ ಮಾತ್ರ ನಾನೇ ಹೋಗಿ ಇಷ್ಟನ್ನೂ ಹೇಳಿ ಬರುತ್ತೇನೆ.